57 ಸುರಂಗ, ಇಬ್ಬರು ಮಕ್ಕಳು, ಒಂದು ನೋಟ್‌ಬುಕ್

"ಹಗಲು ರೈಲಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮಂಗಳೂರಿಗಾ? ಸುಮ್ನೆ ರಾತ್ರಿ ಬಸ್ಸಿಗೆ ಹೋಗು" ಅಂದಿದ್ದರು ಅತ್ತೆ. ಭಾವನದ್ದೂ ಅದೇ ರಾಗ. ಆದರೆ 2024ರ ದಸರಾ ರಜೆಯಲ್ಲಿ ಯಶವಂತಪುರದಲ್ಲಿ ಹತ್ತಿದ ನನ್ನ ಇಬ್ಬರೂ, ಮಗಳಿಗೆ ಎಂಟು, ಮಗನಿಗೆ ನಾಲ್ಕು, ಅಳದೆ, ಮೊಬೈಲ್ ಕೇಳದೆ ಮಂಗಳೂರು ಜಂಕ್ಷನ್‌ನಲ್ಲಿ ಇಳಿದರು.

ಅದಕ್ಕೆ ಮೊದಲು ದುಡ್ಡು ಬೇಕಾದಷ್ಟು ಹೋಗಿದೆ. ಕಾರಿನಲ್ಲಿ ಹೋದಾಗ ಶಿರಾಡಿ ಘಾಟಿಯಲ್ಲಿ ಇಬ್ಬರೂ ವಾಂತಿ. ಶುಂಠಿ ಚಪ್ಪರಿಸಲು ಕೊಟ್ಟೆ, ನಿಂಬೆಹಣ್ಣು ಮೂಸಲು ಕೊಟ್ಟೆ, ಮಗಳಿಗೆ ನಿಂಬೆ ಸ್ವಲ್ಪ ಹಿಡಿಸಿತು, ಮಗನಿಗೆ ಏನೂ ಇಲ್ಲ. ಆಮೇಲೆ ಹನ್ನೆರಡು ಸಾವಿರದ ಹತ್ತಿರ ಕೊಟ್ಟು ಟ್ಯಾಬ್ ತಂದೆವು. ಘಾಟಿಯಲ್ಲಿ ನೆಟ್‌ವರ್ಕ್ ಹೋಯ್ತು, ಅಳು ಶುರುವಾಯ್ತು. ಗಾಜಿನ ಚಾವಣಿ, ದೊಡ್ಡ ಗಾಜಿನ ಕಿಟಕಿಯ ವಿಸ್ಟಾಡೋಮ್ ಬೋಗಿಯಲ್ಲೂ ಹೋದೆವು, ತಲೆಗೆ ಸುಮಾರು 1,400. ನೋಟ ಚೆನ್ನಾಗಿದೆ, ಆದರೆ ಸುರಂಗದ ತಣ್ಣನೆ ಗಾಳಿ, ಆ ಸದ್ದು ಒಳಗೆ ಬರುವುದಿಲ್ಲ. ಮಗನಿಗೆ ಬೇಕಾಗಿದ್ದೇ ಅದು.

ಈಗ ಸೆಕೆಂಡ್ ಸಿಟ್ಟಿಂಗ್ ಮಾತ್ರ, ಅಂದರೆ ಎಸಿ ಇಲ್ಲದ, ಕೂತು ಹೋಗುವ ಸಾಮಾನ್ಯ ಬೋಗಿ. ಐದು ವರ್ಷದೊಳಗಿನವರಿಗೆ ಸೀಟು ಬೇಡ ಅಂದರೆ ದುಡ್ಡಿಲ್ಲ, ನಾನೂ ಮೊದಲು ಹಾಗೇ ಉಳಿಸಿದ್ದೆ. ಹಾಸನ ಬರುವಷ್ಟರಲ್ಲಿ ತೊಡೆ ಜೋಮು ಹಿಡಿದಿತ್ತು. ಇನ್ನೂರರೊಳಗೆ ಬರುವ ಟಿಕೆಟ್, ಅವನಿಗೂ ಪೂರಾ ತೆಗೆಸಿಬಿಡಿ.

ಕಿಟಕಿಯ ವಿಷಯ ಮಾತ್ರ ಗಮನವಿಟ್ಟು ಕೇಳಿ. ಮೊದಲ ಸಲ ಶಟರ್ ಜಾರಿ ಮಗನ ಎರಡು ಬೆರಳ ಮೇಲೆ ಬಿತ್ತು. ಉಗುರು ನೀಲಿಗಟ್ಟಿತು, ಆ ಅಳು ಇನ್ನೂ ಕಿವಿಯಲ್ಲಿದೆ. ಈಗ ಕೂತ ತಕ್ಷಣ ಎರಡೂ ಕಡೆ ಲಾಚ್ ಕೂತಿದೆಯಾ ಅಂತ ಜಗ್ಗಿ ನೋಡುತ್ತೇನೆ. ಸುರಂಗದ ಗೋಡೆ ತೀರಾ ಹತ್ತಿರ, ಸರಳಿನಾಚೆ ಕೈ ಹೋಗಲೇಬಾರದು. ಸಕಲೇಶಪುರದಲ್ಲಿ ರೈಲು ತುಂಬಾ ಹೊತ್ತು ನಿಲ್ಲುತ್ತದೆ, ಆದರೂ ಮಕ್ಕಳನ್ನು ಇಳಿಸುವುದಿಲ್ಲ. ಇಬ್ಬರ ಮುಂಗೈ ಮೇಲೂ ಬಾಲ್‌ಪೆನ್ನಿನಲ್ಲಿ ನಮ್ಮ ನಂಬರ್ ಇರುತ್ತದೆ. ರೈಲ್ವೆ ಸಹಾಯವಾಣಿ 139 ಮಗಳಿಗೆ ಬಾಯಿಪಾಠ.

ತಿನ್ನಲು ಮಂಡಕ್ಕಿ. ಒಂದೊಂದೇ ಕಾಳು ಆರಿಸಿ ತಿನ್ನುತ್ತಾರೆ, ಅರ್ಧ ಗಂಟೆ ಕಳೆಯುತ್ತದೆ. ಮಗನ ಡಬ್ಬಿಗೆ ಕಡಲೆಬೀಜ ಹಾಕುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ.

ಸಕಲೇಶಪುರ ದಾಟಿದರೆ ನೋಟ್‌ಬುಕ್ ಹೊರಗೆ ಬರುತ್ತದೆ. ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, ಸುಮಾರು 55 ಕಿಲೋಮೀಟರ್, ಎರಡೂವರೆ ಗಂಟೆ. ಮಗ "ಕತ್ಲೆ!" ಅಂತ ಕೂಗಬೇಕು, ಮಗಳು ಗೀಟು ಹಾಕಬೇಕು. ಹಿಂದಿನ ಸಲ 51 ಬಂದು ಜಗಳವಾಗಿತ್ತು, ಚಿಕ್ಕ ಸುರಂಗಗಳನ್ನು ಬಿಟ್ಟಿದ್ದರು. ಈ ಸಲ ಸರಿಯಾಗಿ 57. ಮೂವತ್ತು ದಾಟಿದ ಮೇಲೆ ಬೇಜಾರಾಗುತ್ತದಲ್ವಾ, ಆಗ ಚೀಲದಿಂದ ಒಂದು ಪೊಟ್ಟಣ ತೆಗೆಯುತ್ತೇನೆ. ಅದರೊಳಗೆ ಏನು ಅಂತ ನನ್ನ ತಂಗಿಗೂ ಹೇಳಿಲ್ಲ.

ಕೊನೆಯ ಗೀಟು ಬಿದ್ದ ಹತ್ತೇ ನಿಮಿಷಕ್ಕೆ ಮಗ ಮಲಗಿದ. ಎದ್ದಿದ್ದು ಮಂಗಳೂರಿನಲ್ಲಿ.