ಡೈರಿಗೆ ಹಾಲು ಹಾಕೋ ಮನೇಲಿ ಬಾದಾಮಿ ಹಾಲು ಮಾಡ್ಕೊಳ್ಳೋದು ಹೇಗೆ

ನಮ್ದು ಚಿಂತಾಮಣಿ ಕಡೆ ಒಂದು ಹಳ್ಳಿ, ಮನೇಲಿ ಎರಡು ಸೀಮೆ ಹಸು ಇದಾವೆ, ಬೆಳಿಗ್ಗೆ ಒಂದ್ಸಲ ಸಾಯಂಕಾಲ ಒಂದ್ಸಲ ಕ್ಯಾನ್ ಹಿಡ್ಕೊಂಡು ಡೈರಿ ಮುಂದೆ ಸಾಲು ನಿಲ್ಲೋ ಜನ ನಾವು. ಅಂಥಾ ಮನೇಲಿ ಸೊಸೆ ಅಂಗಡಿಯಿಂದ ಬಾದಾಮಿ ತಂದು ರುಬ್ಬಿ ಹಾಲು ಅಂತ ಕುಡೀತಾಳೆ ಅಂದ್ರೆ ಹೇಗಿರುತ್ತೆ ಯೋಚ್ನೆ ಮಾಡಿ. ನಮ್ಮತ್ತೆ ಮೊದಲ್ನೇ ದಿನ ಲೋಟದೊಳಗೆ ಇಣುಕಿ ನೋಡಿ ತೆಲುಗಲ್ಲೇ "ಇವೇಂ ಪಾಲು?" (ಇದೆಂಥಾ ಹಾಲು?) ಅಂದ್ರು, ಆಮೇಲೆ ಡೈರಿಗೆ ತಗೊಂಡೋಗು, ಹಾಲಿನ ಗಟ್ಟಿತನ ಅಳೆಯೋ ಡಿಗ್ರಿ ಎಷ್ಟು ಬರುತ್ತೆ ನೋಡೋಣ ಅಂತ ಒಂದು ವಾರ ಎಲ್ರ ಮುಂದೆ ಆಡ್ಕೊಂಡ್ರು. ಆದ್ರೆ ನನಗೆ ಹಾಲು ಕುಡಿದ ಅರ್ಧ ಗಂಟೆಗೆ ಹೊಟ್ಟೆ ಉಬ್ರ, ಗುಡುಗುಡು ಸದ್ದು, ಕೆಲವು ಸಲ ಓಡೋ ಪರಿಸ್ಥಿತಿ, ಹೀಗಾಗಿ ಒಂದು ವರ್ಷದಿಂದ ಇದನ್ನ ಮಾಡ್ಕೊಂಡು ಕುಡೀತಾ ಇದೀನಿ, ಎಲ್ಲೆಲ್ಲಿ ಕೆಡಿಸ್ಕೊಂಡೆ ಎಲ್ಲೆಲ್ಲಿ ಸರಿ ಹೋಯ್ತು ಅನ್ನೋದನ್ನ ಬರೀತಿದೀನಿ.

ಮೊದ್ಲು ಹೆಸರಿನ ಗೊಂದಲ. ನಮ್ ಕಡೆ ಬೇಕರಿಗೆ ಹೋಗಿ ಬಾದಾಮಿ ಹಾಲು ಕೊಡಿ ಅಂದ್ರೆ ಕೊಡೋದು ಹಸುವಿನ ಹಾಲಿಗೇ ಬಾದಾಮಿ ಪುಡಿ, ಸಕ್ಕರೆ, ಹಳದಿ ಬಣ್ಣ, ಏಲಕ್ಕಿ ಹಾಕಿದ್ದು. ಹಾಲು ಆಗದವ್ರು ಅದನ್ನ ಕುಡಿದ್ರೆ ಕಥೆ ಮುಗೀತು. ನಾನು ಹೇಳ್ತಿರೋದು ಬರೀ ಬಾದಾಮಿ ಮತ್ತೆ ನೀರು, ಹಸುವಿನ ಹಾಲು ಒಂದು ಹನಿನೂ ಇಲ್ಲ. ಸೂಪರ್ ಮಾರ್ಕೆಟಲ್ಲಿ ಪ್ಯಾಕೆಟ್ ಸಿಗುತ್ತೆ, ಅದ್ರ ಮೇಲೆ ಹಾಲು ಅಂತ ಬರೆದಿರಲ್ಲ, ಆಲ್ಮಂಡ್ ಡ್ರಿಂಕ್ ಅಂತಲೋ ಬೆವರೇಜ್ ಅಂತಲೋ ಇರುತ್ತೆ, ಯಾಕಂದ್ರೆ ಗಿಡದಿಂದ ಮಾಡಿದ್ದಕ್ಕೆ ಹಾಲು ಅನ್ನೋ ಹೆಸರು ಹಾಕೋ ಹಾಗಿಲ್ಲ ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ, 2021ರಲ್ಲಿ ಆನ್‌ಲೈನ್ ಅಂಗಡಿಗಳಿಗೂ ಇದನ್ನೇ ಹೇಳಿದ್ರು. ಪ್ಯಾಕೆಟ್ ತಗೊಳ್ಳೋದಾದ್ರೆ ಹಿಂದೆ ತಿರುಗಿಸಿ ಸಕ್ಕರೆ ಹಾಕಿದಾರಾ, ಬಾದಾಮಿ ಶೇಕಡಾ ಎಷ್ಟಿದೆ ಅಂತ ಓದಿ, ಎಷ್ಟೋ ಪ್ಯಾಕೆಟ್‌ಗಳಲ್ಲಿ ಬಾದಾಮಿ ಇರೋದು ತೀರಾ ಕಮ್ಮಿ.

ಇನ್ನೊಂದು ಮಾತು, ಹಾಲು ಬಿಡೋಕೆ ಮುಂಚೆ ನಿಮ್ಗೆ ಆಗದೇ ಇರೋದು ಹಾಲೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ನನಗೆ ಡಾಕ್ಟ್ರು ಹೇಳಿದ್ದು ಇಷ್ಟೆ, ಎರಡು ವಾರ ಹಾಲು, ಕಾಫಿ, ಟೀ, ಹಾಲಿನ ಸ್ವೀಟು ಪೂರ್ತಿ ನಿಲ್ಲಿಸಿ, ಆಮೇಲೆ ಒಂದು ಲೋಟ ಕುಡಿದು ನೋಡಿ. ಹಸುವಿನ ಹಾಲಲ್ಲಿ 100 ಎಂಎಲ್‌ಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಇರುತ್ತೆ, ಅದನ್ನ ಕರಗಿಸೋ ಲ್ಯಾಕ್ಟೇಸ್ ಅನ್ನೋದು ದೊಡ್ಡೋರಾಗ್ತಾ ಆಗ್ತಾ ಎಷ್ಟೋ ಜನಕ್ಕೆ ಕಮ್ಮಿ ಆಗುತ್ತೆ, ಕರಗದೆ ಉಳಿದಿದ್ದು ಕರುಳಲ್ಲಿ ಹುಳಿಯೆದ್ದು ಗ್ಯಾಸ್ ಆಗುತ್ತೆ. ಮೊಸರಾಗೋವಾಗ ಅದ್ರಲ್ಲಿ ಒಂದಷ್ಟು ಲ್ಯಾಕ್ಟೋಸ್ ಹುಳಿಯಾಗಿ ಬದಲಾಗಿರುತ್ತೆ, ಅದಕ್ಕೇ ನನಗೆ ಹಾಲು ಆಗಲ್ಲ, ಮಜ್ಜಿಗೆ ಆರಾಮಾಗಿ ಆಗುತ್ತೆ, ತುಪ್ಪನೂ ತೊಂದ್ರೆ ಇಲ್ಲ. ಹಾಲು ಕುಡಿದ್ರೆ ಮೈ ಮೇಲೆ ದದ್ದು, ತುಟಿ ಊದೋದು, ಉಸಿರಾಟ ಕಷ್ಟ ಅಂತೆಲ್ಲ ಆಗೋರಿದ್ರೆ ಅದು ಅಲರ್ಜಿ, ಬೇರೆ ವಿಷಯ, ಅವ್ರು ಮೊಸರು ತುಪ್ಪ ಅಂತ ಮನೇಲಿ ಪ್ರಯೋಗ ಮಾಡ್ಬೇಡಿ, ಡಾಕ್ಟ್ರ ಹತ್ರ ಹೋಗಿ. ಬಾದಾಮಿ ಗೋಡಂಬಿ ಅಲರ್ಜಿ ಇರೋರು ಇದನ್ನ ಇಲ್ಲಿಗೇ ಓದೋದು ನಿಲ್ಲಿಸ್ಬಹುದು.

ಸರಿ, ಈಗ ಮಾಡೋ ವಿಷಯ. ಬಾದಾಮಿ 100 ಗ್ರಾಂ ಸಾಕು, ಎಣಿಸಿದ್ರೆ ಎಂಬತ್ತು ತೊಂಬತ್ತು ಬೀಜ ಆಗುತ್ತೆ. ದುಬಾರಿ ಮಾಮ್ರಾ ಎಲ್ಲ ಬೇಡ, ಅಂಗಡೀಲಿ ಸಾಮಾನ್ಯವಾಗಿ ಸಿಗೋ ಕ್ಯಾಲಿಫೋರ್ನಿಯಾ ಬಾದಾಮೀನೇ ಆಗುತ್ತೆ. ತಗೊಳ್ಳೋವಾಗ ಒಂದು ಬಾಯಿಗೆ ಹಾಕ್ಕೊಂಡು ನೋಡಿ, ಕಮಟು ವಾಸನೆ ಬಂದ್ರೆ ಬಿಟ್ಟುಬಿಡಿ, ರುಬ್ಬಿದ್ಮೇಲೆ ಆ ವಾಸನೆ ಹತ್ತು ಪಟ್ಟು ಆಗುತ್ತೆ, ಏಲಕ್ಕಿ ಎಷ್ಟು ಹಾಕಿದ್ರೂ ಮುಚ್ಚಲ್ಲ. ಸಂತೆಲಿ ಚೀಲ ಬಿಚ್ಚಿಟ್ಟು ಮಾರೋದನ್ನ ಒಂದ್ಸಲ ಅಗ್ಗಕ್ಕೆ ಸಿಕ್ತು ಅಂತ ತಂದು ಕಾಲು ಕೆಜಿ ಹಾಳ್ಮಾಡಿದೀನಿ.

ರಾತ್ರಿ ಊಟ ಆದ್ಮೇಲೆ ತೊಳೆದು ನೆನೆಹಾಕಿ, ಎಂಟು ಹತ್ತು ಗಂಟೆ ನೆನೀಲಿ. ಬೇಸಿಗೇಲಿ ಹೊರಗಡೆ ಇಟ್ರೆ ಬೆಳಿಗ್ಗೆಗೆ ನೀರು ನೊರೆ ಬಂದು ಹುಳಿ ವಾಸನೆ ಬರುತ್ತೆ, ಮಾರ್ಚ್ ಏಪ್ರಿಲಲ್ಲಿ ಫ್ರಿಜ್ ಒಳಗೇ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಬಿಸಿನೀರಲ್ಲಿ ಒಂದೈದು ನಿಮಿಷ ಬಿಟ್ರೆ ಸಿಪ್ಪೆ ಚಿವುಟಿದ ತಕ್ಷಣ ಪುಳಕ್ ಅಂತ ಹೊರಗೆ ಬರುತ್ತೆ. ಸಿಪ್ಪೆ ತೆಗೀಲೇಬೇಕು ಅಂತೇನಿಲ್ಲ, ತೆಗೆದ್ರೆ ಬೆಳ್ಳಗೆ ಬರುತ್ತೆ, ಬಿಟ್ರೆ ಸ್ವಲ್ಪ ಒಗರು. ಮಕ್ಕಳನ್ನ ಕೂರಿಸಿದ್ರೆ ಕೆಲಸ ಬೇಗ ಆಗುತ್ತೆ, ಅರ್ಧ ಹೊಟ್ಟೆಗೆ ಹೋಗುತ್ತೆ ಅದು ಬೇರೆ ಮಾತು.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದನ್ನ ನಾವು ಹಸುವಿನ ಹಾಲಿನ ಥರ ಉಕ್ಕಿಸಲ್ಲ, ಹಾಕಿದ ನೀರು ಹಾಗೇ ಹೊಟ್ಟೆಗೆ ಹೋಗುತ್ತೆ. ಕೋಲಾರ ಚಿಕ್ಕಬಳ್ಳಾಪುರದ ಬೋರ್ ನೀರು ಹೇಗಿದೆ ಅಂತ ನಿಮ್ಗೇ ಗೊತ್ತು, ಗಡಸು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ಹಾಗಾಗಿ ಊರಿನ ಫಿಲ್ಟರ್ ನೀರಿನ ಘಟಕದ ಕ್ಯಾನ್ ನೀರನ್ನೇ ಕುದಿಸಿ ಆರಿಸಿ ಹಾಕಿ. ಬೋರ್ ನೀರಲ್ಲಿ ಮಾಡಿದ್ದು, ಕ್ಯಾನ್ ನೀರಲ್ಲಿ ಮಾಡಿದ್ದು ಎರಡೂ ಪಕ್ಕ ಪಕ್ಕ ಕುಡಿದು ನೋಡಿದೀನಿ, ರುಚಿ ಸ್ಪಷ್ಟವಾಗಿ ಬೇರೆ.

ರುಬ್ಬೋದಕ್ಕೆ ಚಟ್ನಿ ಜಾರೇ ಒಳ್ಳೇದು. ಎಲ್ಲ ನೀರನ್ನೂ ಒಟ್ಟಿಗೆ ಸುರಿದ್ರೆ ಬೀಜ ತೇಲಾಡ್ತಾ ಇರುತ್ತೆ ಹೊರತು ನುಣ್ಣಗಾಗಲ್ಲ, ಅದಕ್ಕೆ ಮೊದ್ಲು ಅರ್ಧ ಲೋಟ ನೀರಲ್ಲಿ ಗಂಧದ ಥರ ರುಬ್ಕೊಳ್ಳಿ, ಆಮೇಲೆ ದೊಡ್ಡ ಜಾರಿಗೆ ಹಾಕಿ ಒಟ್ಟು 700 ಎಂಎಲ್ ಆಗೋ ಹಾಗೆ ನೀರು ಸೇರಿಸಿ ಇನ್ನೊಂದು ನಿಮಿಷ ತಿರುಗಿಸಿ. ಮಧ್ಯೆ ಮಧ್ಯೆ ನಿಲ್ಲಿಸಿ, ಜಾರ್ ಬಿಸಿಯಾಗ್ಬಾರ್ದು. ಆಮೇಲೆ ತೆಳ್ಳನೆ ಹಳೇ ಬಿಳಿ ಪಂಚೆ ತುಂಡಲ್ಲಿ ಸುರಿದು ಗಂಟು ತಿರುವಿ ಹಿಂಡಿ, ಟೀ ಸೋಸೋ ಜಾಲರಿ ಸಾಕಾಗಲ್ಲ, ತರಿ ಉಳಿದು ನಾಲಿಗೆಗೆ ಮರಳು ಮರಳು ಅನ್ಸುತ್ತೆ. ಚಿಟಿಕೆ ಉಪ್ಪು ಹಾಕಿ, ಉಪ್ಪು ಯಾಕೆ ಅಂತ ನಾನೂ ಮೂಗು ಮುರಿದಿದ್ದೆ, ಹಾಕಿದ್ಮೇಲೇ ಗೊತ್ತಾಗಿದ್ದು ಇಲ್ಲಾಂದ್ರೆ ಸಪ್ಪೆ ಅಂತ. ಸಿಹಿ ಬೇಕಂದ್ರೆ ಒಂದೆರಡು ಖರ್ಜೂರ ರುಬ್ಬೋವಾಗಲೇ ಹಾಕಿ. ಬಟ್ಟೇನ ಆವಾಗಲೇ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕ್ಬೇಕು, ಸಂಜೆ ತೊಳೆದ್ರಾಯ್ತು ಅಂತ ಬಿಟ್ರೆ ಮುಂದಿನ ಸಲದ ಹಾಲು ಕೆಡುತ್ತೆ.

ಗಾಜಿನ ಬಾಟ್ಲಲ್ಲಿ ಹಾಕಿ ಫ್ರಿಜಲ್ಲಿಟ್ರೆ ಮೂರು ದಿನ ಬರುತ್ತೆ, ನಾಲ್ಕನೇ ದಿನ ಮೂಸಿ ನೋಡಿ. ಇಟ್ಟ ಮೇಲೆ ಗಟ್ಟಿ ಒಂದು ಕಡೆ ನೀರು ಒಂದು ಕಡೆ ಅಂತ ಬೇರೆ ಆಗುತ್ತೆ, ಕೆಟ್ಟೋಯ್ತು ಅಂತ ಚೆಲ್ಬೇಡಿ, ಅಲ್ಲಾಡಿಸಿದ್ರೆ ಸೇರ್ಕೊಳ್ಳುತ್ತೆ. ಹುಳಿ ವಾಸನೆ ಅಥ್ವಾ ಲೋಳೆ ಲೋಳೆ ಇದ್ರೆ ಮಾತ್ರ ಚೆಲ್ಲಿ. ಇಡೀ ಮಧ್ಯಾಹ್ನ ಕರೆಂಟ್ ಹೋಗೋ ಊರಾದ್ರೆ 50 ಗ್ರಾಂ ಬಾದಾಮೀಲಿ ಆ ದಿನಕ್ಕೆ ಆಗೋಷ್ಟೇ ಮಾಡ್ಕೊಳ್ಳಿ.

ಈಗ ಕಾಫಿ, ನನ್ನ ಕಣ್ಣೀರಿನ ಕಥೆ. ಮೊದಲ್ನೇ ದಿನ ಫಿಲ್ಟರಿಂದ ಇಳಿಸಿದ ಗಟ್ಟಿ ಡಿಕಾಕ್ಷನ್‌ಗೆ ಫ್ರಿಜಿಂದ ತೆಗೆದ ತಣ್ಣನೆ ಬಾದಾಮಿ ಹಾಲು ಸುರಿದೆ, ಒಡೆದ ಹಾಲಿನ ಥರ ಚೂರು ಚೂರಾಗಿ ತೇಲಾಡ್ತು. ಕಾಫಿ ಸ್ವಲ್ಪ ಹುಳಿ ಗುಣದ್ದು, ಹುಳಿ ಮತ್ತೆ ಬಿಸಿ ಎರಡೂ ಸೇರಿದ್ರೆ ಬಾದಾಮಿ ಪ್ರೋಟೀನ್ ಗಂಟು ಕಟ್ಟುತ್ತೆ. ಈಗ ಮಾಡೋದು ಹೀಗೆ, ಹಾಲನ್ನ ಸಣ್ಣ ಉರೀಲಿ ಬೆರಳು ಇಟ್ರೆ ಚುರುಕ್ ಅನ್ನೋಷ್ಟು ಬಿಸಿ ಮಾಡಿ, ಕುದಿಸೋಕೆ ಹೋಗ್ಬೇಡಿ ಒಡೆಯುತ್ತೆ, ತಳನೂ ಹಿಡಿಯುತ್ತೆ, ಆಮೇಲೆ ಡಿಕಾಕ್ಷನ್ನ ಒಂದೆರಡು ನಿಮಿಷ ಆರಲು ಬಿಟ್ಟು ಹಾಲಿಗೆ ನಿಧಾನವಾಗಿ ಹುಯ್ಯಿರಿ, ಉಲ್ಟಾ ಅಲ್ಲ. ಹಾಗೂ ಒಡೆದ್ರೆ ಹಾಲಿಗೆ ಅಡುಗೆ ಸೋಡಾ ಸೂಜಿ ಮೊನೆಯಷ್ಟು ಹಾಕಿ. ಬೆಲ್ಲದ ಕಾಫಿ ಆದ್ರೆ ಬೆಲ್ಲ ಕೊನೇಲಿ. ಇಷ್ಟೆಲ್ಲ ಸರ್ಕಸ್ ಮಾಡಿ ಕುಡಿದ್ರೂ ನಮ್ಮ ಮನೆ ಕಾಫಿ ರುಚಿ ಬರಲ್ಲ, ಸುಳ್ಳು ಯಾಕೆ ಹೇಳ್ಲಿ. ನಾನೀಗ ಬ್ಲ್ಯಾಕ್ ಕಾಫಿಗೆ ಬಿದ್ದಿದೀನಿ. ಟೀ ಪರ್ವಾಗಿಲ್ಲ, ಶುಂಠಿ ಏಲಕ್ಕಿ ಹಾಕಿ ಕುದಿಸಿ ಒಲೆ ಆರಿಸಿದ್ಮೇಲೆ ಹಾಲು ಹಾಕಿ.

ಹೆಪ್ಪು ಹಾಕಿದ್ರೆ ಮೊಸರಾಗುತ್ತಾ ಅಂತ ಕೇಳೋರಿಗೆ, ಇಲ್ಲ. ಗಟ್ಟಿಯಾಗಿ ಕೂತ್ಕೊಳ್ಳೋದು ಹಸುವಿನ ಹಾಲಲ್ಲಿರೋ ಕೇಸೀನ್ ಅನ್ನೋ ಪ್ರೋಟೀನ್ ದೆಸೆಯಿಂದ, ಬಾದಾಮೀಲಿ ಅದಿಲ್ಲ, ಹುಳಿ ಹುಳಿ ನೀರಾಗುತ್ತೆ ಅಷ್ಟೆ. ಕೆನೆ, ಬೆಣ್ಣೆ, ಕೋವಾ ಯಾವ ಆಸೆನೂ ಇಟ್ಕೋಬೇಡಿ.

ಆದ್ರೆ ರಾಗಿ ಮಾಲ್ಟಿಗೆ ಮಾತ್ರ ಇದು ಹಸುವಿನ ಹಾಲಿಗಿಂತ ಚೆನ್ನಾಗಿರುತ್ತೆ ಅಂತ ನಾನು ಪಂಚಾಯ್ತಿ ಕಟ್ಟೆ ಮೇಲೆ ನಿಂತು ಬೇಕಾದ್ರೂ ಹೇಳ್ತೀನಿ. ಎರಡು ಚಮಚ ರಾಗಿ ಹಿಟ್ಟನ್ನ ತಣ್ಣೀರಲ್ಲಿ ಗಂಟಿಲ್ದೆ ಕಲಸಿ, ಒಂದು ಲೋಟ ನೀರು ಕುದಿಯೋವಾಗ ಹಾಕಿ ಐದಾರು ನಿಮಿಷ ತಿರುವ್ತಾ ಬೇಯಿಸಿ, ಹಸಿ ವಾಸನೆ ಹೋಗಿ ಹೊಳಪು ಬಂದ್ಮೇಲೆ ಇಳಿಸಿ, ಬೆಲ್ಲ ಹಾಕಿ, ಸ್ವಲ್ಪ ಆರಿದ್ಮೇಲೆ ಅರ್ಧ ಲೋಟ ಬಾದಾಮಿ ಹಾಲು. ಬೇಸಿಗೇಲಿ ತಣ್ಣಗೆ ಕುಡೀರಿ. ಶ್ರೀನಿವಾಸಪುರದ ಮಾವು ಬರೋ ಟೈಮಲ್ಲಿ ಹಣ್ಣಿನ ಜೊತೆ ಮಿಕ್ಸಿಗೆ ಹಾಕಿದ್ರೂ ಸೂಪರ್. ಶಾವಿಗೆ ಪಾಯಸಕ್ಕೂ ಕೊನೇಲಿ ಹಾಕ್ಬಹುದು. ಒಂದಿನ ಅತ್ತೆ ಹತ್ರ ಗಸಗಸೆ ಪಾಯಸ ಮಾಡೋವಾಗ ಗಸಗಸೆ ತೆಂಗಿನಕಾಯಿ ರುಬ್ಬಿ ಹಾಲು ಹಿಂಡ್ತೀರಲ್ಲ, ಅದೇ ಕೆಲಸ ಇದೂನು ಅಂದೆ, ಆವತ್ತಿಂದ ಡಿಗ್ರಿ ಜೋಕ್ ನಿಂತೋಯ್ತು.

ಮುಖ್ಯವಾದ ವಿಷಯ, ಹಾಲು ಬಿಟ್ಟು ಬರೀ ಇದನ್ನ ಕುಡಿದ್ರೆ ಕೆಲವು ಕೈ ತಪ್ಪುತ್ತೆ. 200 ಎಂಎಲ್ ಲೋಟ ಹಸುವಿನ ಹಾಲಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಪ್ಯಾಕೆಟ್ ಬಾದಾಮಿ ಹಾಲಲ್ಲಿ ಪ್ರೋಟೀನ್ ಒಂದು ಎರಡು ಗ್ರಾಂ, ಮನೇಲಿ ಮಾಡಿದ್ರಲ್ಲಿ ಅದಕ್ಕಿಂತ ಜಾಸ್ತಿ ಇದ್ರೂ ಹಸುವಿನ ಹಾಲಷ್ಟು ಬರಲ್ಲ, ಕ್ಯಾಲ್ಸಿಯಂ ಕಂಪನಿಯೋರು ಸೇರಿಸಿದ್ರೆ ಉಂಟು, ಮನೇದ್ರಲ್ಲಿ ಕಮ್ಮಿನೇ. ಆದ್ರೆ ನಾವು ಮುದ್ದೆ ತಿನ್ನೋ ಜನ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೊತೆಗೆ ಸೊಪ್ಪಿನ ಸಾರು ಎಳ್ಳು ಇದ್ರೆ ಆ ಚಿಂತೆ ಅಷ್ಟಿಲ್ಲ. ಚಿಂತೆ ಮಾಡ್ಬೇಕಿರೋದು ವಿಟಮಿನ್ ಬಿ12, ಮೊಟ್ಟೆ ಮಾಂಸ ತಿನ್ನದೇ ಇರೋರಿಗೆ ಅದು ಬರೋದೇ ಹಾಲು ಮೊಸರಿಂದ, ಬಾದಾಮೀಲಿ ಇಲ್ಲವೇ ಇಲ್ಲ. ಮೊಸರು ಆಗುತ್ತೆ ಅಂದ್ರೆ ಬಿಡ್ಬೇಡಿ. ಒಂದು ವರ್ಷದೊಳಗಿನ ಮಗೂಗೆ ಎದೆಹಾಲಿನ ಬದ್ಲು ಇದನ್ನ ಕೊಡಲೇಬಾರ್ದು, ಚಿಕ್ಕ ಮಕ್ಕಳಿಗೂ ಇದೇ ಮುಖ್ಯ ಹಾಲು ಆಗ್ಬಾರ್ದು. ಕಿಡ್ನಿ ಸ್ಟೋನ್ ಆಗಿದ್ದೋರು ಡಾಕ್ಟ್ರನ್ನ ಕೇಳಿ ಕುಡೀರಿ, ಬಾದಾಮೀಲಿ ಕಲ್ಲು ಕಟ್ಟೋಕೆ ಕಾರಣ ಆಗೋ ಆಕ್ಸಲೇಟ್ ಜಾಸ್ತಿ.

ಖರ್ಚು ಲೆಕ್ಕ ಹಾಕಿದ್ರೆ, ನಾನು ತಂದಿದ್ದು ಕೆಜಿಗೆ 900 ರೂಪಾಯಿ, 100 ಗ್ರಾಮಿಗೆ 90, ಹಿಂಡಿದ್ಮೇಲೆ ಸಿಗೋದು 650 ಎಂಎಲ್ ಅಂತಿಟ್ಕೊಳ್ಳಿ, ಲೀಟರಿಗೆ ಹತ್ತಿರ ಹತ್ತಿರ 140 ಬೀಳುತ್ತೆ. ನಾವು ಡೈರಿಗೆ ಹಾಕೋ ಹಾಲಿಗೆ ಸಿಗೋ ರೇಟ್ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಹಾಗಾಗಿ ವಾರಕ್ಕೆ ಎರಡೇ ಸಲ ಬಾದಾಮಿ, ಮಿಕ್ಕಿದ ದಿನ ಕಡ್ಲೆಕಾಯಿ ಬೀಜದ ಹಾಲು. ವಿಧಾನ ಅದೇ, ಆರು ಗಂಟೆ ನೆನೆಸಿ, ನೀರು ಚೆಲ್ಲಿ, ಸಿಪ್ಪೆ ಉಜ್ಜಿ ತೆಗೆದು ರುಬ್ಬಿ ಸೋಸಿ, ಆದ್ರೆ ಇದನ್ನ ಮಾತ್ರ ಹತ್ತು ನಿಮಿಷ ತಿರುವ್ತಾ ಕುದಿಸ್ಬೇಕು ಇಲ್ಲಾಂದ್ರೆ ಹಸಿ ವಾಸನೆ. ಬಾದಾಮಿಯಷ್ಟು ನಾಜೂಕಿಲ್ಲ, ಮಾಲ್ಟಿಗೆ ಸಾಕು, ಪ್ರೋಟೀನೂ ಚೆನ್ನಾಗಿದೆ.

ಬಟ್ಟೇಲಿ ಉಳಿಯೋ ಚರಟ ಎಸೀಬೇಡಿ. ಹಸಿಮೆಣಸಿನಕಾಯಿ ಕೊತ್ತಂಬರಿ ಜೊತೆ ಚಟ್ನಿ ಆಗುತ್ತೆ, ಚಪಾತಿ ಹಿಟ್ಟಿಗೆ ಒಂದು ಹಿಡಿ ಹಾಕಿದ್ರೆ ಮೆತ್ತಗೆ ಬರುತ್ತೆ, ಬೆಲ್ಲ ತುಪ್ಪ ಹಾಕಿ ಮಗುಚಿದ್ರೆ ಉಂಡೆ ಕಟ್ಬಹುದು. ಅದೂ ಬೇಜಾರಾದ ದಿನ ಅತ್ತೆ ಕಲಗಚ್ಚಿನ ಬಕೆಟ್ಟಿಗೆ ಸುರೀತಾರೆ, ನಮ್ಮ ಕೆಂಪು ಹಸು ಮೂತಿ ಎತ್ತದೆ ಕುಡಿಯುತ್ತೆ.