ಚೌಕದಿಂದ ಎದ್ದ ಮೇಲೆ

ತಿರುಮಕೂಡಲು ನರಸೀಪುರ ತಾಲ್ಲೂಕಿನ ನಮ್ಮೂರ ಶಾಲೆಯ ಮೈದಾನದಲ್ಲಿ ಖೋ ಖೋ ಅಭ್ಯಾಸಕ್ಕೆ ಮೊದಲು ನಾವು ಕಲ್ಲು ಆಯುತ್ತಿದ್ದೆವು. ಹನ್ನೆರಡು ಹುಡುಗಿಯರು ಭುಜಕ್ಕೆ ಭುಜ ತಾಗುವಂತೆ ಸಾಲಾಗಿ ನಿಂತು, ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಬಗ್ಗಿಕೊಂಡೇ ನಡೆದು, ಕೈಗೆ ಸಿಕ್ಕ ನೊರಜುಗಲ್ಲನ್ನೆಲ್ಲ ಲಂಗದ ಮಡಿಲಿಗೆ ತುಂಬಿಕೊಂಡು ಬೇಲಿಯ ಆಚೆ ಸುರಿದು ಬರುತ್ತಿದ್ದೆವು. ಎಷ್ಟು ಆಯ್ದರೂ ಮರುದಿನ ಮತ್ತಷ್ಟು ಇರುತ್ತಿದ್ದವು. ಕಂಬದ ಬಳಿ ಡೈವ್ ಹೊಡೆಯುವವಳ ಎದೆಯೂ ಮೊಣಕೈಯೂ ಆ ನೆಲಕ್ಕೇ ಉಜ್ಜುತ್ತಿದ್ದವು. ಆ ಸರದಿ ಯಾರಿಗೆ ಬರುವುದೆಂದು ಮೊದಲೇ ತಿಳಿಯದ ಕಾರಣ ಆಯುವುದರಲ್ಲಿ ಯಾರೂ ಸೋಮಾರಿತನ ತೋರುತ್ತಿರಲಿಲ್ಲ. 1985ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಆ ಸಾಲಿಗೆ ಸೇರಿದ ನಾನು 1997ರವರೆಗೆ ಶಾಲೆ, ತಾಲ್ಲೂಕು, ಜಿಲ್ಲೆ, ಕಾಲೇಜು ಎಂದು ಬೇರೆ ಬೇರೆ ತಂಡಗಳಲ್ಲಿ ಆಡಿದೆ. ಆಟ ಬಿಟ್ಟು ಇಪ್ಪತ್ತೆಂಟು ವರ್ಷಗಳಾದವು. ಆಡಿದ ಕಾಲಕ್ಕಿಂತ ಬಿಟ್ಟ ಮೇಲಿನ ಕಾಲವೇ ದೊಡ್ಡದು. ಅದಕ್ಕೆ ನನ್ನನ್ನು ಯಾರೂ ತಯಾರು ಮಾಡಿರಲಿಲ್ಲ.

ಶಾಲೆಯಲ್ಲಿ ಆಡಿದವರಿಗೆಲ್ಲ ಗೊತ್ತಿರುವಂತೆ, ಬೆನ್ನಟ್ಟುವ ಒಂಬತ್ತು ಜನರಲ್ಲಿ ಎಂಟು ಜನ ಎರಡು ಕಂಬಗಳ ನಡುಗೆರೆಯ ಮೇಲಿನ ಚೌಕಗಳಲ್ಲಿ ಕುಳಿತೇ ಇರುತ್ತಾರೆ. ಒಬ್ಬಳು ಒಂದು ಕಡೆಗೆ ಮುಖ ಮಾಡಿದರೆ ಪಕ್ಕದವಳು ಅದರ ಎದುರು ಕಡೆಗೆ. ನಮ್ಮ ಕಾಲದ ಒಂಬತ್ತು ನಿಮಿಷದ ಸರದಿಯಲ್ಲಿ ಒಬ್ಬೊಬ್ಬಳೂ ಓಡಿದ್ದಕ್ಕಿಂತ ಕುಳಿತದ್ದೇ ಹೆಚ್ಚು. ಹಾಗೆ ಕೂರುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಒಂದು ಕಾಲನ್ನು ಮುಂದಿಟ್ಟು, ಹಿಂದಿನ ಕಾಲಿನ ಬೆರಳುಗಳನ್ನು ನೆಲಕ್ಕೆ ಒತ್ತಿ, ಹಿಮ್ಮಡಿ ಎತ್ತಿ, ಅಂಗೈಗಳನ್ನು ಊರಿಕೊಂಡು ಕೂರಬೇಕು. ನಮ್ಮ ಮೇಷ್ಟ್ರು ಎತ್ತಿದ ಹಿಮ್ಮಡಿಯ ಕೆಳಗೆ ಒಂದು ಬೆಂಕಿಪೊಟ್ಟಣವನ್ನು ನಿಲ್ಲಿಸಿ, ಅದು ಬೀಳದಂತೆ ಐದು ನಿಮಿಷ ಕೂರಿಸುತ್ತಿದ್ದರು. ಮೂರನೆಯ ನಿಮಿಷಕ್ಕೆ ತೊಡೆ ನಡುಗತೊಡಗುತ್ತಿತ್ತು, ಪೊಟ್ಟಣ ಬಿದ್ದರೆ ಮತ್ತೆ ಮೊದಲಿನಿಂದ. ಪಂದ್ಯದಲ್ಲಿ ಬೆನ್ನಿಗೆ ಅಂಗೈ ತಾಗಿ ಕಿವಿಗೆ ‘ಖೋ’ ಬೀಳುವವರೆಗೆ ಅಲುಗುವಂತಿಲ್ಲ. ಅರೆಕ್ಷಣ ಮೊದಲು ಎದ್ದರೆ ಫೌಲ್, ಅರೆಕ್ಷಣ ತಡವಾದರೆ ಓಡುವವಳು ಎರಡು ಚೌಕ ದಾಟಿ ಹೋಗಿರುತ್ತಾಳೆ. ಎದ್ದ ಮೇಲೆ ನಡುಗೆರೆಯನ್ನು ದಾಟುವಂತಿಲ್ಲ, ಕಂಬದ ಗೆರೆ ಮುಟ್ಟುವವರೆಗೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಆದ್ದರಿಂದ ಎಡಕ್ಕೆ ಏಳುವುದೋ ಬಲಕ್ಕೆ ಏಳುವುದೋ ಎಂಬುದನ್ನು ಕುಳಿತಲ್ಲೇ, ಕಾಣದ ಬೆನ್ನ ಹಿಂದಿನ ಹೆಜ್ಜೆಸದ್ದಿನಿಂದಲೇ ತೀರ್ಮಾನಿಸಿಕೊಂಡಿರಬೇಕು. ಗ್ಯಾಲರಿಯಲ್ಲಿ ಕುಳಿತವರು ಓಟಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆಡಿದವಳಾಗಿ ನಾನು ಇಂದಿಗೂ ಮೊದಲು ನೋಡುವುದು ಕುಳಿತವರ ಹಿಮ್ಮಡಿಯನ್ನು.

ಓಟದಲ್ಲಿ ನನ್ನ ಬಲ ಸಿಂಗಲ್ ಚೈನ್. ಕುಳಿತ ಒಬ್ಬೊಬ್ಬರ ನಡುವೆಯೂ ನುಸುಳುತ್ತ, ಹಾವು ಹರಿದಂತೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸಾಗುವ ಆಟ ಅದು. ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ದಸರಾ ಕ್ರೀಡಾಕೂಟದ ಒಂದು ಪಂದ್ಯದಲ್ಲಿ, ನನ್ನ ಜೊತೆ ಒಳಗೆ ಬಂದ ಇಬ್ಬರೂ ಬೇಗ ಔಟಾದ ಮೇಲೆ ನಾನೊಬ್ಬಳೇ ನಾಲ್ಕು ನಿಮಿಷದ ಹತ್ತಿರ ಉಳಿದೆ. ಮೂವರಲ್ಲಿ ಒಬ್ಬಳೇ ಉಳಿದಾಗ ಒಂಬತ್ತು ಜೋಡಿ ಕಣ್ಣುಗಳೂ ಅವಳ ಮೇಲೇ ನೆಟ್ಟಿರುತ್ತವೆ. ಆ ನಾಲ್ಕು ನಿಮಿಷದಲ್ಲಿ ನನಗೆ ಯಾವ ಸದ್ದೂ ಕೇಳಿಸಲಿಲ್ಲ. ಔಟಾಗಿ ಹೊರಗೆ ಬಂದಾಗ ಅಪ್ಪ ಬೇಲಿಯ ಬಳಿ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ಕಂಡೆ. ನನ್ನ ಆಟ ನೋಡಲೆಂದು ಅವರು ಊರಿನಿಂದ ಬಂದದ್ದು ಅದೊಂದೇ ಸಲ.

1997ರ ಮಳೆಗಾಲದ ಕೊನೆಯಲ್ಲಿ, ಒದ್ದೆ ಮಣ್ಣಿನ ಮೇಲೆ ಅಭ್ಯಾಸ ಮಾಡುವಾಗ, ಮೂರನೆಯ ಚೌಕದ ಬಳಿ ನನ್ನ ಬಲಗಾಲು ನೆಲದಲ್ಲಿ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ನೆಟಿಗೆ ಮುರಿದಂಥ ಸದ್ದಾಯಿತು. ನಾಟಿ ವೈದ್ಯರೊಬ್ಬರು ಸೊಪ್ಪು ಅರೆದು ಹಚ್ಚಿ ಬಿದಿರಿನ ದಬ್ಬೆ ಕಟ್ಟಿದರು. ಆಮೇಲೆ ಹೋದ ಆಸ್ಪತ್ರೆಯೊಂದರಲ್ಲಿ ಉಳುಕೆಂದು ಹೇಳಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಊತ ಇಳಿಯಿತು, ನಡೆಯುವಂತಾದೆ, ಓಡಲು ಹೋದರೆ ಮಂಡಿ ಸರಕ್ಕನೆ ಜಾರುತ್ತಿತ್ತು. ಮುಂದಿನ ಆಯ್ಕೆಯ ದಿನ ನಾನು ಮೈದಾನಕ್ಕೆ ಹೋಗಲಿಲ್ಲ. ವಿದಾಯ, ಬೀಳ್ಕೊಡುಗೆ ಎಂಬುದೇನೂ ಇಲ್ಲದೆ ನನ್ನ ಆಟ ಮುಗಿದದ್ದು ಹಾಗೆ. ಮರುವರ್ಷ ಮದುವೆಯಾಗಿ ಮಂಡ್ಯ ತಾಲ್ಲೂಕಿನ ಈ ಊರಿಗೆ ಬಂದೆ.

ಆಟ ನಿಂತಿತು, ಹಸಿವು ನಿಲ್ಲಲಿಲ್ಲ. ದಿನಕ್ಕೆ ಎರಡು ಹೊತ್ತು ಓಡುತ್ತಿದ್ದ ದೇಹಕ್ಕೆ ಅಭ್ಯಾಸವಾಗಿದ್ದ ಎರಡೆರಡು ಮುದ್ದೆಯನ್ನೇ ಉಣ್ಣುತ್ತ ಬಂದದ್ದರಿಂದ ಮೂರು ವರ್ಷದಲ್ಲಿ ಹದಿನಾಲ್ಕು ಕಿಲೋ ತೂಕ ಏರಿತು, ಆ ಭಾರವೆಲ್ಲ ಮುರುಕು ಮಂಡಿಯ ಮೇಲೆ ಬಿತ್ತು. ಸಂಜೆ ನಾಲ್ಕು ಗಂಟೆಯಾದರೆ ಕಾರಣವಿಲ್ಲದೆ ಎದೆ ಬಡಿದುಕೊಳ್ಳುತ್ತಿತ್ತು. ಅದು ಮೈದಾನಕ್ಕೆ ಹೊರಡುವ ಹೊತ್ತು ಎಂದು ತಿಳಿಯಲು ನನಗೇ ಬಹಳ ದಿನ ಬೇಕಾಯಿತು. ಪದಕಗಳನ್ನು ಟ್ರಂಕಿನ ತಳದಲ್ಲಿಟ್ಟು ಮೇಲೆ ಸೀರೆ ಹಾಕಿದ್ದೆ. ಆ ವರ್ಷಗಳನ್ನು ನೆನೆದರೆ ಚೌಕದಲ್ಲಿ ಹಿಮ್ಮಡಿ ಎತ್ತಿಕೊಂಡು ಕುಳಿತಿದ್ದಂತೆಯೂ, ಬೆನ್ನ ಹಿಂದೆ ಯಾರೂ ಓಡಿ ಬರದಂತೆಯೂ ಅನಿಸುತ್ತದೆ. ಆಟಗಾರ್ತಿಗೆ ಅದಕ್ಕಿಂತ ದೊಡ್ಡ ನೋವನ್ನು ನಾನರಿಯೆ.

2009ರಲ್ಲಿ, ಹಾಲಿನ ಕ್ಯಾನ್ ಎತ್ತುವಾಗ ಮಂಡಿ ಪೂರ್ತಿ ಕೈಕೊಟ್ಟ ಮೇಲೆ, ಸ್ಕ್ಯಾನಿಂಗ್ ಮಾಡಿಸಿದೆವು. ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಹನ್ನೆರಡು ವರ್ಷವಾಗಿದೆಯೆಂದು ಆಗ ತಿಳಿಯಿತು. ಪೂರ್ತಿ ಹರಿದ ಆ ರಜ್ಜು ತಾನಾಗಿ ಕೂಡಿಕೊಳ್ಳುವುದು ಅಪರೂಪ. ಶಸ್ತ್ರಚಿಕಿತ್ಸೆ ಮಾಡಿಸಬೇಕು, ಇಲ್ಲವೇ ತೊಡೆಯ ಸ್ನಾಯುಗಳನ್ನು ಬಲಪಡಿಸಿ ಮಂಡಿಗೆ ಆಸರೆ ಕೊಡಬೇಕು. ನಾನು ಎರಡನೆಯದನ್ನು ಹಿಡಿದೆ. ಫಿಸಿಯೋಥೆರಪಿ ಮಾಡುವವರು ಹೇಳಿಕೊಟ್ಟಂತೆ ಅಂಗಾತ ಮಲಗಿ, ಮಂಡಿ ಮಡಿಸದೆ ಕಾಲನ್ನು ಒಂದಡಿ ಎತ್ತಿ ಐದು ಎಣಿಸಿ ಇಳಿಸುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತಿಂಗಳ ಮೇಲೆ ಕಣಕಾಲಿಗೆ ಒಂದು ಕಿಲೋ ಮರಳಿನ ಚೀಲ ಕಟ್ಟಿಕೊಂಡೆ. ಚೀಲವನ್ನು ಹಳೆಯ ಪ್ಯಾಂಟಿನ ಬಟ್ಟೆಯಿಂದ ನಾನೇ ಹೊಲಿದೆ. ರಾತ್ರಿಯ ಮುದ್ದೆ ಒಂದಕ್ಕೆ ಇಳಿಯಿತು. ಅತ್ತೆಯವರು ಮೊದಮೊದಲು, ‘ಮಲಗಿಕೊಂಡು ಕಾಲೆತ್ತೋದೂ ಒಂದು ಕೆಲಸವೇನವ್ವ?’ ಎನ್ನುತ್ತಿದ್ದರು. ಆರು ತಿಂಗಳ ಮೇಲೆ ತಮ್ಮ ಮಂಡಿನೋವಿಗೂ ಅದನ್ನೇ ಕೇಳಿ ಕಲಿತರು. ಒಂದು ವರ್ಷ ಒಂದು ದಿನವನ್ನೂ ಬಿಡದೆ ಮಾಡಿದ ಮೇಲೆ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದೆ. ಅದಕ್ಕಿಂತ ಹೆಚ್ಚಿನದೇನನ್ನೂ ಆ ಕಾಲು ಇಂದಿಗೂ ಕೊಟ್ಟಿಲ್ಲ, ನಾನೂ ಕೇಳಿಲ್ಲ.

ನಾನು ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಒಂದು ದಿನ ಹಾಲು ಹಾಕಲು ಬಂದ ಶಾಲೆಯ ಅಡುಗೆಯವರು, ‘ಅಕ್ಕಾ, ಹೆಣ್ಣುಮಕ್ಕಳು ಖೋ ಖೋ ಆಡ್ತಾವೆ, ಗೆರೆ ಹಾಕೋದು ಯಾರಿಗೂ ಗೊತ್ತಿಲ್ಲ, ಬಂದು ಹೇಳಿಕೊಡ್ತೀರಾ?’ ಎಂದರು. ನಾನು ಖೋ ಖೋ ಆಡಿದವಳೆಂದು ಅವರಿಗೆ ಯಾರು ಹೇಳಿದರೋ ಇಂದಿಗೂ ತಿಳಿಯದು. ಮರುದಿನ ಸುಣ್ಣದ ಪುಡಿ, ಹಗ್ಗ, ಟೇಪು ಹಿಡಿದು ಹೋದೆ. ಇಪ್ಪತ್ತೇಳು ಮೀಟರ್ ಉದ್ದ, ಹದಿನಾರು ಮೀಟರ್ ಅಗಲ. ಅಳತೆ ತಲೆಯಲ್ಲಿ ಹಾಗೆಯೇ ಇತ್ತು. ಅಂದಿನಿಂದ ಸಂಜೆ ನಾಲ್ಕೂಕಾಲರಿಂದ ಹಾಲು ಅಳೆಯುವ ಹೊತ್ತಿನವರೆಗೆ ನಾನು ಅಲ್ಲಿರುತ್ತೇನೆ.

ಕಲಿಸಲು ಹೊರಟಾಗ ನನ್ನ ಮೇಷ್ಟ್ರು ಕಲಿಸಿದ್ದರಲ್ಲಿ ಬಹುಪಾಲನ್ನು ಉಳಿಸಿಕೊಂಡೆ, ಕೆಲವನ್ನು ಬಿಟ್ಟೆ. ಬೆಂಕಿಪೊಟ್ಟಣ ಇಂದಿಗೂ ಇದೆ. ಒದ್ದೆ ನೆಲದಲ್ಲಿ ಆಡಿಸುವುದಿಲ್ಲ. ತಿರುಗಿ ಓಡುವ, ಹಾರುವ ಆಟಗಳಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಇದನ್ನು ನಮಗೆ ಆಗ ಯಾರೂ ಹೇಳಿರಲಿಲ್ಲ. ಆದ್ದರಿಂದ ಆಟಕ್ಕೆ ಮೊದಲು ಹದಿನೈದು ನಿಮಿಷ, ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೆ ಇರುವಂತೆ ಅಭ್ಯಾಸ ಮಾಡಿಸುತ್ತೇನೆ. ಮಕ್ಕಳಿಗೆ ಅದು ಬೇಸರ, ಅವರಿಗೆ ಡೈವ್ ಬೇಕು. ಬೇಸರವಾದರೂ ಬಿಡುವುದಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಸಂಘದ ಕೋಣೆಯಲ್ಲಿ ಮೊಬೈಲ್ ನಿಲ್ಲಿಸಿಕೊಂಡು ಹದಿನೆಂಟು ಮಕ್ಕಳ ಜೊತೆ ಫೈನಲ್ ನೋಡಿದೆ. ಭಾರತದ ಮಹಿಳೆಯರು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿ ಕುರುಬೂರಿನ ಬಿ. ಚೈತ್ರಾ ಇದ್ದರು. ಕುರುಬೂರು ನನ್ನ ತವರಿನ ತಾಲ್ಲೂಕಿನದೇ ಊರು. ಮ್ಯಾಟ್ ಮೇಲಿನ ಆಟ, ಬಣ್ಣದ ದೀಪ, ವೇಗವಾದ ಹೊಸ ನಿಯಮ, ಎಲ್ಲವೂ ನಾನು ಕಂಡದ್ದಕ್ಕಿಂತ ಬೇರೆಯೇ ಆಗಿದ್ದವು. ಕುಳಿತವರ ಹಿಮ್ಮಡಿ ಮಾತ್ರ ಅದೇ ಎತ್ತರದಲ್ಲಿತ್ತು. ಅಂದು ರಾತ್ರಿ ಟ್ರಂಕಿನ ಸೀರೆಗಳನ್ನು ತೆಗೆದು ಪದಕಗಳನ್ನು ಹೊರಗಿಟ್ಟೆ.

ಹೋದ ತಿಂಗಳು ನಮ್ಮ ತಂಡದ ಅತಿ ಚುರುಕಿನ ಹುಡುಗಿ, ಏಳನೆಯ ತರಗತಿಯವಳು, ಮಂಡಿ ಹಿಡಿದುಕೊಂಡು ಕುಳಿತಳು. ಊದಿತ್ತು, ಸದ್ದೇನೂ ಕೇಳಿಸಲಿಲ್ಲವೆಂದಳು. ಅಂದೇ ಮಂಡ್ಯಕ್ಕೆ ಕರೆದೊಯ್ದು ತೋರಿಸಿದೆವು. ರಜ್ಜು ಹರಿದಿಲ್ಲ, ಮೂರು ವಾರ ಓಡಬಾರದು ಎಂದರು. ತಾಲ್ಲೂಕು ಆಯ್ಕೆ ಎರಡು ವಾರದಲ್ಲಿತ್ತು. ಅವಳ ತಂದೆ ಸಂಘಕ್ಕೆ ಬಂದು, ‘ಒಂದು ದಿನ ಆಡಿಸಿ ಅಕ್ಕಾ, ಈ ವರ್ಷ ತಪ್ಪಿದರೆ ಹೇಗೆ?’ ಎಂದು ಬಹಳ ಹೊತ್ತು ಕೇಳಿಕೊಂಡರು. ಆಗುವುದಿಲ್ಲ ಎಂದೆ. ಹುಡುಗಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆದರೂ ದಿನವೂ ಸಂಜೆ ಬರುತ್ತಾಳೆ, ಕಟ್ಟೆಯ ಮೇಲೆ ಮರಳಿನ ಚೀಲ ಕಟ್ಟಿಕೊಂಡು ಮಲಗಿ ಕಾಲೆತ್ತುತ್ತಾಳೆ, ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಐದರವರೆಗೆ ಎಣಿಸುತ್ತಾಳೆ.