ಕಂಪನಿ ಜೊತೆ ಕಾರ್ಬನ್ ಹಿಡಿಯುವ ಪಿಎಚ್‌ಡಿ: ಅಮೀನ್ ದ್ರಾವಣದ ಕೆಲಸ

ಕಂಪನಿ ಜೊತೆಗಿನ ಸಂಶೋಧನಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಷರತ್ತನ್ನು ಪಟ್ಟು ಹಿಡಿದು ಬರೆಸಿಕೊಳ್ಳಿ: ಲೇಖನದ ಕರಡನ್ನು ಕಂಪನಿ 30 ಅಥವಾ 60 ದಿನದೊಳಗೆ ನೋಡಿ ಮುಗಿಸಬೇಕು, ಇಲ್ಲದಿದ್ದರೆ ಒಪ್ಪಿಗೆ ಸಿಕ್ಕಂತೆ. ಗಡುವಿಲ್ಲದಿದ್ದರೆ ಥೀಸಿಸ್ಸು ಅವರ ಕಾನೂನು ವಿಭಾಗದಲ್ಲೇ ಕೊಳೆಯುತ್ತದೆ.

ಅಮೀನ್ ಎಂದರೆ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಕಾಯಿಸಿದಾಗ ಬಿಟ್ಟುಕೊಡುವ ರಾಸಾಯನಿಕ. ಅವುಗಳಲ್ಲಿ ಮಾನೋಎಥನಾಲಮೀನ್‌ನಿಂದ ಶುರು ಮಾಡಿ. 2022ರಲ್ಲಿ ಎನ್‌ಟಿಪಿಸಿಯ ವಿಂಧ್ಯಾಚಲ ವಿದ್ಯುತ್ ಸ್ಥಾವರದಲ್ಲಿ ಶುರುವಾದ, ದಿನಕ್ಕೆ 20 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕದಲ್ಲಿರುವುದು ಬೇರೆ ಅಮೀನ್. ಆದರೂ ಪರೀಕ್ಷಕರು ಹೋಲಿಕೆ ಕೇಳುವುದು ಮಾನೋಎಥನಾಲಮೀನ್ ಜೊತೆಗೇ. 300 ಗ್ರಾಂ ಅಮೀನ್‌ಗೆ 700 ಗ್ರಾಂ ಅಯಾನುರಹಿತ ನೀರು, ತೂಕ ಮಾಡಿಯೇ ಹಾಕಿ, ಸುಮಾರು 4.9 ಮೋಲ್ ಅಮೀನ್ ಆಗುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಇರುವ ಅನಿಲ ಹಾಯಿಸಿ, ಹಿಡಿದದ್ದನ್ನು 120 ಡಿಗ್ರಿಯಲ್ಲಿ ಬಿಡಿಸಿ. ತೆರೆದ ಫ್ಲಾಸ್ಕ್ 120 ಮುಟ್ಟುವುದಿಲ್ಲ, ಅದಕ್ಕೂ ಮೊದಲೇ ಕುದಿಯುತ್ತದೆ. ಸುಮಾರು 2 ಬಾರ್ ಒತ್ತಡ ತಡೆಯುವ ಸ್ಟೀಲ್ ಪಾತ್ರೆ ಬೇಕು. ಹಿತ್ತಾಳೆ, ತಾಮ್ರದ ಫಿಟಿಂಗ್ ಬೇಡ, ಅಮೀನ್ ತಿಂದುಹಾಕುತ್ತದೆ.

ಎಡವಟ್ಟಾಗುವುದು ಮಾದರಿ ತೆಗೆಯುವಾಗ. ಬಿಸಿ ದ್ರಾವಣವನ್ನು ತೆರೆದಿಟ್ಟರೆ ಅನಿಲ ಹಾರಿಹೋಗಿ ಅಂಕಿ ಕಡಿಮೆ ಬರುತ್ತದೆ. ಮುಚ್ಚಿದ ಸಿರಿಂಜ್‌ನಲ್ಲೇ ತಣಿಸಿ, 2 ಮಿ.ಲೀ.ಗೆ ಹೆಚ್ಚುವರಿ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಹೊರಬಂದ ಅನಿಲ ಅಳೆಯಿರಿ. ಅಮೀನ್‌ನ ಪ್ರತಿ ಮೋಲ್‌ಗೆ 0.45 ಮೋಲ್ ಇಂಗಾಲದ ಡೈಆಕ್ಸೈಡ್ ಹಿಡಿದಿದ್ದರೆ ಕೊಠಡಿ ಉಷ್ಣತೆಯಲ್ಲಿ ಸುಮಾರು 110 ಮಿ.ಲೀ. ಸಿಗಬೇಕು.

ನಿಜವಾದ ಚಿಮಣಿ ಹೊಗೆ ಬೇರೆಯೇ ಆಟ. ಸಲ್ಫರ್ ಡೈಆಕ್ಸೈಡನ್ನು ಮೊದಲೇ 10 ಪಿಪಿಎಂಗಿಂತ ಕೆಳಗಿಳಿಸಿ. ಇಲ್ಲದಿದ್ದರೆ ಕಾಯಿಸಿದರೂ ಬಿಡದ ಲವಣಗಳು ಕಟ್ಟಿ ಅಮೀನ್ ವ್ಯರ್ಥ. ದ್ರಾವಣ ಕಂದಾಗುತ್ತಿದ್ದರೆ ಕಬ್ಬಿಣದ ಅಂಶ ಪರೀಕ್ಷಿಸಿ: ಕರಗಿದ ಕಬ್ಬಿಣ ಆಕ್ಸಿಡೀಕರಣಕ್ಕೆ ಕುಮ್ಮಕ್ಕು ಕೊಡುತ್ತದೆ.